ಚೆನ್ನಾಗಿ ಆಡುವ ಹುಡುಗಿಗೆ ತಪ್ಪು ಹೇಳೋದು ಹೇಗೆ? ಅನುಭವ ಇದ್ದವರು ತಿಳಿಸಿ

ಗೋಣಿಕೊಪ್ಪದಿಂದ, ಶಾಲಾ ಹಾಕಿ ತಂಡದ ಹೊಸ ಕೋಚ್:
ನಮ್ಮ ತಂಡದಲ್ಲಿ 14 ವರ್ಷದ ಒಬ್ಬ ಹುಡುಗಿ ಇದ್ದಾಳೆ. ಚೆಂಡು ಸಿಕ್ಕರೆ ಮೂರು ಜನರನ್ನು ದಾಟಿ ಹೋಗುತ್ತಾಳೆ. ಆದರೆ ಯಾರಿಗೂ ಪಾಸ್ ಕೊಡುವುದಿಲ್ಲ. ಉಳಿದವರಿಗೆ ಬೇಜಾರಾಗಿದೆ. ಹೇಳಿದರೆ ಮುನಿಸಿಕೊಂಡು ಆಟವನ್ನೇ ಬಿಡುತ್ತಾಳೇನೋ ಎಂಬ ಭಯ. ಹೇಳದೆ ಇರೋದೂ ಸರಿ ಅಲ್ಲ. ನೀವೆಲ್ಲ ಏನು ಮಾಡ್ತೀರಿ?

ಪೊನ್ನಂಪೇಟೆಯಿಂದ, 18 ವರ್ಷದಿಂದ ಮಕ್ಕಳಿಗೆ ಹಾಕಿ ಕಲಿಸುತ್ತಿರುವವರು:
ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಒಂದು ಪಂದ್ಯದಲ್ಲಿ ನಮ್ಮ ಡಿಫೆಂಡರ್ ಹುಡುಗನಿಗೆ ಗೆರೆಯ ಹೊರಗಿನಿಂದಲೇ ಜೋರಾಗಿ ಬೈದೆ. ನಮ್ಮ ಕಡೆ ಮೈದಾನ ಅಂದರೆ ಗೊತ್ತಲ್ವಾ, ನೋಡಲು ಬಂದವರಲ್ಲಿ ಅರ್ಧ ಜನ ನೆಂಟರೇ. 1997ರಲ್ಲಿ ಕೊಡಗಿನ ಕರಡ ಊರಲ್ಲಿ ಕುಟುಂಬ ಹಾಕಿ, ಅಂದರೆ ಕೊಡವ ಮನೆತನಗಳ ನಡುವಿನ ಪಂದ್ಯಾವಳಿ, ಶುರುವಾದಾಗಿನಿಂದ ಇಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಆಟ ಎಂದರೆ ಮನೆಯ ಮಾನವೂ ಹೌದು. ಆ ಹುಡುಗ ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲ. ಮನೆಗೆ ಹೋದೆ. "ಸರ್, ನೀವು ಹೇಳಿದ್ದು ಸರಿ. ಆದರೆ ತಾತನ ಎದುರಿಗೆ ಹೇಳಿದ್ರಿ" ಎಂದ. ಅವತ್ತಿನಿಂದ ಒಬ್ಬರ ತಪ್ಪನ್ನು ಇನ್ನೊಬ್ಬರ ಎದುರಿಗೆ ಹೇಳಿಲ್ಲ.

ಈಗ ನಿಮ್ಮ ಹುಡುಗಿಯ ವಿಷಯ. "ನೀನು ಸ್ವಾರ್ಥಿ" ಅಂತ ಮಾತ್ರ ಹೇಳಬೇಡಿ. ನೀವು ಕಣ್ಣಾರೆ ಕಂಡದ್ದನ್ನು ಹೇಳಿ. "ಎರಡನೇ ಕ್ವಾರ್ಟರ್‌ನಲ್ಲಿ ನಿನ್ನ ಎಡಗಡೆ ಒಬ್ಬಳು ಖಾಲಿ ನಿಂತಿದ್ದಳು, ನೋಡಿದ್ಯಾ?" ಅಂತ ಕೇಳಿ. ಎಷ್ಟೋ ಮಕ್ಕಳು ನಿಜವಾಗಿಯೂ ನೋಡಿರುವುದಿಲ್ಲ. ಚೆಂಡು ಓಡಿಸುವಾಗ ತಲೆ ಕೆಳಗೇ ಇರುತ್ತದೆ, ಕಣ್ಣು ಸ್ಟಿಕ್ ಬಿಟ್ಟು ಏಳುವುದಿಲ್ಲ. ಹಾಗಿದ್ದರೆ ಅದು ಸ್ವಭಾವದ ದೋಷ ಅಲ್ಲ, ಕಲಿಸಿದರೆ ಹೋಗುವ ದೋಷ. ಅವಳು ಚೆಂಡು ಓಡಿಸಿಕೊಂಡು ಬರುವಾಗ ನೀವು ಎದುರಿಗೆ ನಿಂತು ಬೆರಳು ತೋರಿಸಿ. ಎಷ್ಟು ಬೆರಳು ಎಂದು ಅವಳು ಕೂಗಬೇಕು. ದಿನಾ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನೀವೂ ಅಲ್ಲೇ ಇರಬೇಕು. ತಪ್ಪು ಹೇಳಿ ಹೊರಟು ಹೋದರೆ ಮಗುವಿಗೆ ಬೈಗುಳ ಒಂದೇ ನೆನಪಿರುತ್ತದೆ.

ಪಂದ್ಯದ ನಡುವೆ ಜಾಸ್ತಿ ಹೇಳಬೇಡಿ. 15 ನಿಮಿಷದ ಮೊದಲ ಕ್ವಾರ್ಟರ್ ಮುಗಿದಾಗ ಸಿಗೋದು 2 ನಿಮಿಷ. ಅಷ್ಟರಲ್ಲಿ ಒಂದು ಮಾತು ಹೇಳಿ, ನೀರು ಕುಡಿಯಲು ಬಿಡಿ.

ಸಿದ್ದಾಪುರದ ಕಡೆಯಿಂದ, ಕಾಫಿ ತೋಟದಲ್ಲಿ ರೈಟರ್ (ಕೆಲಸದವರ ಲೆಕ್ಕ ಬರೆಯುವವ):
ನನಗೆ ಹಾಕಿ ಗೊತ್ತಿಲ್ಲ, ಆದರೆ ಈ ಸಂಕಟ ಗೊತ್ತು. ರೋಬಸ್ಟಾ ಕೊಯ್ಲಿನಲ್ಲಿ ನಮ್ಮ ಒಬ್ಬ ಅಕ್ಕ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಎಳೆದು ಹಾಕುತ್ತಿದ್ದರು. ಕಾಯಿ ಒಣಗಿದರೆ ತೂಕವೂ ಇಲ್ಲ, ರುಚಿಯೂ ಕೆಡುತ್ತದೆ. ನನಗಿಂತ ದೊಡ್ಡವರು ಎಂದು ಎರಡು ವರ್ಷ ಸುಮ್ನೆ ಇದ್ದೆ. ಮನಸ್ಸಿನಲ್ಲಿ ಮಾತ್ರ ಅವರ ಮೇಲೆ ಸಿಟ್ಟು ಬೆಳೆಯುತ್ತಲೇ ಹೋಯಿತು. ಕೊನೆಗೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ: "ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡ್ತೀರಿ, ಒಂದೊಂದೇ ಹಣ್ಣು ಆರಿಸಿದರೆ ನನಗೆ ಏನು ಉಳಿಯುತ್ತೆ?" ನನ್ನ ಬಳಿ ಉತ್ತರ ಇರಲಿಲ್ಲ. ಮಾಲೀಕರ ಹತ್ತಿರ ಹೋಗಿ ಮಾತಾಡಿದೆ. ಈಗ ಹಣ್ಣು ಮಾತ್ರ ಕೊಯ್ದವರಿಗೆ ಕೆ.ಜಿ.ಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ. ಹೇಳುವ ಮೊದಲು ಕೇಳಿಸಿಕೊಳ್ಳಲು ತಯಾರಾಗಿ ಹೋಗಿ ಸರ್. ತಪ್ಪು ನಮ್ಮ ಕಡೆಯೂ ಇರಬಹುದು.

ಮಡಿಕೇರಿಯಿಂದ, ನಿವೃತ್ತ ಬ್ಯಾಂಕ್ ಮ್ಯಾನೇಜರ್:
ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಿ ಮುಗಿಸಿ ಅಂತ ಯಾರಾದರೂ ಹೇಳಿಯಾರು. ನಾನು ಮಾಡಿ ನೋಡಿ ಬಿಟ್ಟೆ. ಆಮೇಲೆ ನಾನು ಮನಸಾರೆ ಹೊಗಳಿದಾಗಲೂ ನಮ್ಮ ಬ್ಯಾಂಕಿನ ಹುಡುಗರು "ಮುಂದೇನು ಕಾದಿದೆಯೋ" ಎಂದು ಹೆದರುತ್ತಿದ್ದರು. ಮೆಚ್ಚುಗೆಯನ್ನು ಬೇರೆ ದಿನ, ಬೇರೆಯಾಗಿಯೇ ಹೇಳಿ.

ಗೋಣಿಕೊಪ್ಪದಿಂದ ಮತ್ತೆ:
ಎಲ್ಲರಿಗೂ ವಂದನೆ. ಇವತ್ತು ಉಳಿದ ಮಕ್ಕಳು ಹೋದ ಮೇಲೆ ಅವಳನ್ನು ಕೇಳಿದೆ. ತುಂಬ ಹೊತ್ತು ಯೋಚಿಸಿ "ಎಡಗಡೆ ಯಾರಿದ್ದರೋ ಗೊತ್ತಿಲ್ಲ ಸರ್" ಎಂದಳು. ಹತ್ತು ಸಲ ಬೆರಳು ತೋರಿಸಿದೆ, ಮೂರು ಸಲ ಸರಿ ಹೇಳಿದಳು. ಕಣ್ಣು ತುಂಬಿತ್ತು, ಆದರೂ ಸ್ಟಿಕ್ ಕೆಳಗಿಡಲಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ ಬರ್ತೀನಿ ಅಂದಿದ್ದಾಳೆ. ನಾನೂ ಹೋಗುತ್ತೇನೆ.