ಹೊಸ ರಿಮೋಟ್‌ನಲ್ಲಿ ಟಿವಿ ವಾಲ್ಯೂಮೂ ಇಲ್ಲ, ಪವರೂ ಇಲ್ಲ, ದಾರಿ ಹೇಳಿ

ಡೊಂಬಿವಲಿ_ಮಗ:
ನಮಸ್ಕಾರ ಎಲ್ಲರಿಗೂ. ನಾನು ಬೆಳಿಗ್ಗೆ ಲೋಕಲ್ ಹಿಡಿದು ಅಂಧೇರಿಗೆ ಹೋದರೆ ವಾಪಸ್ ಬರೋದು ರಾತ್ರಿ ಒಂಬತ್ತಕ್ಕೆ. ಹಗಲಿಡೀ ಮನೆಯಲ್ಲಿ ಅಮ್ಮ ಒಬ್ಬರೇ. ಅವರಿಗೆ ಕನ್ನಡ ಧಾರಾವಾಹಿಗಳೇ ಜೊತೆ. ಹೋದ ವಾರ, ಟಿವಿಗೆ ಸಿಕ್ಕಿಸಿ ಇಂಟರ್ನೆಟ್‌ನಿಂದ ಕಾರ್ಯಕ್ರಮ ನೋಡುವ ಫೈರ್ ಟಿವಿ ಸ್ಟಿಕ್‌ನ ರಿಮೋಟ್ ಅವರ ಕೈಯಿಂದ ಜಾರಿ ಬಕೆಟ್ ನೀರಿಗೆ ಬಿತ್ತು. ಎರಡು ದಿನ ಅಕ್ಕಿ ಡಬ್ಬದಲ್ಲಿ ಇಟ್ಟೆ, ಬಿಸಿಲಿಗೂ ಇಟ್ಟೆ, ಜೀವ ಬರಲಿಲ್ಲ. ಶನಿವಾರ ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ನಡೆದು ಹೋಗಿ ಅದೇ ಥರದ್ದು ಇನ್ನೊಂದು ತಂದೆ. ಕಂಪನಿಯದ್ದಲ್ಲ, ಡುಪ್ಲಿಕೇಟ್.

ಹೋಮ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿದಾಗ ಸ್ಟಿಕ್‌ಗೆ ಜೋಡಿ ಆಯಿತು. ಬಾಣದ ಗುಂಡಿ, ಹೋಮ್, ಮೈಕ್ ಎಲ್ಲಾ ಸರಿಯಾಗಿವೆ. ಆದರೆ ಟಿವಿಯ ಪವರ್, ವಾಲ್ಯೂಮ್, ಮ್ಯೂಟ್ ಮೂರೂ ಸತ್ತಿವೆ. ಹಳೆಯದರಲ್ಲಿ ಎಲ್ಲಾ ನಡೀತಿತ್ತು. ಟಿವಿಯ ಸ್ವಂತ ರಿಮೋಟ್‌ನಲ್ಲಿ ವಾಲ್ಯೂಮ್ ಗುಂಡಿಯ ರಬ್ಬರ್ ಹರಿದು ಹೋಗಿದೆ, ಪವರ್ ಮಾತ್ರ ಉಗುರಿನಿಂದ ಒತ್ತಿದರೆ ಕೆಲಸ ಮಾಡುತ್ತೆ. ಅಮ್ಮನಿಗೆ ಒಂದು ಕಿವಿ ಮಂದ. ಮಾತು ಕೇಳಲ್ಲ ಅಂತ ಜಾಸ್ತಿ ಮಾಡಬೇಕು, ಜಾಹೀರಾತು ಬಂದ ತಕ್ಷಣ ಕಡಿಮೆ ಮಾಡಬೇಕು, ಪಕ್ಕದ ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗ ಓದ್ತಾ ಇರ್ತಾನೆ. ವಾಲ್ಯೂಮ್ ಇಲ್ಲದೆ ಅವರು ಟಿವಿಯನ್ನೇ ಹಾಕ್ತಿಲ್ಲ. ಟಿವಿ 32 ಇಂಚಿನ ಅಸೆಂಬಲ್ ಸೆಟ್. ಸ್ಟಿಕ್ ಆಫ್ ಮಾಡಿ ಆನ್ ಮಾಡಿದೆ, ಜೋಡಿ ಬಿಡಿಸಿ ಮತ್ತೆ ಜೋಡಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಮಾಟುಂಗಾ_ರಿಪೇರಿ:
ಮಾರಾಯ್ರೆ, ಜೋಡಿ ಆಗಿದೆ ಅಂದ್ರೆ ಎಲ್ಲಾ ಗುಂಡಿ ನಡೀಬೇಕು ಅಂತ ಅಂದುಕೊಳ್ಳಬೇಡಿ. ಆ ರಿಮೋಟ್ ಎರಡು ಬೇರೆ ದಾರಿಯಲ್ಲಿ ಮಾತಾಡುತ್ತೆ. ಸ್ಟಿಕ್ ಜೊತೆ ಬ್ಲೂಟೂತ್, ಟಿವಿ ಜೊತೆ ಇನ್‌ಫ್ರಾರೆಡ್. ಬ್ಲೂಟೂತ್‌ಗೆ ರಿಮೋಟನ್ನು ಕಂಬಳಿಯೊಳಗೆ ಇಟ್ಟು ಒತ್ತಿದರೂ ಆಗುತ್ತೆ, ಸ್ಟಿಕ್ ಟಿವಿ ಹಿಂದೆ ಅಡಗಿದ್ದರೂ ತೊಂದರೆ ಇಲ್ಲ. ಇನ್‌ಫ್ರಾರೆಡ್ ಹಾಗಲ್ಲ, ಅದು ಬೆಳಕು. ಕಣ್ಣಿಗೆ ಕಾಣದ ಬೆಳಕು, ಆದರೆ ರಿಮೋಟ್ ಮೂತಿಯಿಂದ ಟಿವಿಯ ಕಣ್ಣಿಗೆ ನೇರವಾಗಿ ಹೋಗಬೇಕು. ನಿಮ್ಮಲ್ಲಿ ಮೊದಲನೆಯ ದಾರಿ ಸರಿ ಇದೆ, ಎರಡನೆಯದು ಕೈ ಕೊಟ್ಟಿದೆ.

ಒಂದು ಪರೀಕ್ಷೆ ಮಾಡಿ, ಒಂದು ನಿಮಿಷದ ಕೆಲಸ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆಯಿರಿ. ರಿಮೋಟ್ ಮೂತಿಯನ್ನು ಕ್ಯಾಮೆರಾ ಕಡೆ ಹಿಡಿದು ವಾಲ್ಯೂಮ್ ಒತ್ತಿ. ನೇರಳೆ ಬಣ್ಣದ ಚುಕ್ಕೆ ಮಿನುಗಬೇಕು. ಹಿಂದಿನ ಕ್ಯಾಮೆರಾದಲ್ಲಿ ನೋಡಬೇಡಿ, ಎಷ್ಟೋ ಫೋನ್‌ಗಳಲ್ಲಿ ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತೆ. ಮೊದಲು ಟಿವಿಯ ಹಳೇ ರಿಮೋಟಿನ ಪವರ್ ಒತ್ತಿ ನೋಡಿ. ಅದರಲ್ಲಿ ಚುಕ್ಕೆ ಕಂಡರೆ ನಿಮ್ಮ ಕ್ಯಾಮೆರಾ ನಂಬಬಹುದು. ಆಮೇಲೆ ಹೊಸದು.

ಡೊಂಬಿವಲಿ_ಮಗ:
ಮಾಡಿದೆ ಸರ್. ಹಳೇ ರಿಮೋಟ್‌ನಲ್ಲಿ ಚುಕ್ಕೆ ಚೆನ್ನಾಗಿ ಕಾಣುತ್ತೆ. ಹೊಸದರಲ್ಲಿ ವಾಲ್ಯೂಮ್, ಪವರ್ ಯಾವುದು ಒತ್ತಿದರೂ ಕತ್ತಲೆ. ರಿಮೋಟೇ ಕೆಟ್ಟದ್ದು ಅಂತ ಅಂಗಡಿಗೆ ವಾಪಸ್ ಕೊಡಲೇ?

ಪುಣೆ_ಅಕ್ಕ:
ವಾಪಸ್ ಕೊಡಬೇಡಿ ತಮ್ಮಾ, ಸ್ವಲ್ಪ ನಿಲ್ಲಿ. ಯಾವ ಟಿವಿಗೆ ಯಾವ ಕೋಡ್ ಕಳಿಸಬೇಕು ಅನ್ನೋದು ರಿಮೋಟಿಗೆ ಹುಟ್ಟಿನಿಂದ ಗೊತ್ತಿರಲ್ಲ. ನೀವು ಟಿವಿಯ ಹೆಸರು ಆರಿಸಿದ ಮೇಲೆ ಸ್ಟಿಕ್ ಆ ಕೋಡನ್ನು ರಿಮೋಟಿನೊಳಗೆ ಇಳಿಸುತ್ತೆ. ನಿಮ್ಮ ಹಳೆಯದಕ್ಕೆ ಯಾರೋ ಇಳಿಸಿದ್ದರು, ಅದು ಅದರ ಜೊತೆಗೇ ಹೋಯಿತು. ಹೊಸದು ಇನ್ನೂ ಖಾಲಿ, ಅದಕ್ಕೇ ಬೆಳಕೂ ಬರ್ತಿಲ್ಲ ಅಂತ ಕಾಣುತ್ತೆ.

ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಇಕ್ವಿಪ್‌ಮೆಂಟ್ ಕಂಟ್ರೋಲ್, ಅದರೊಳಗೆ ಮ್ಯಾನೇಜ್ ಇಕ್ವಿಪ್‌ಮೆಂಟ್, ಟಿವಿ, ಆಮೇಲೆ ಚೇಂಜ್ ಟಿವಿ. ಕಂಪನಿ ಹೆಸರುಗಳ ಪಟ್ಟಿ ಬರುತ್ತೆ. ಒಂದು ಆರಿಸಿದರೆ ಪವರ್ ಒತ್ತಿ ಅಂತ ಹೇಳುತ್ತೆ, ವಾಲ್ಯೂಮ್ ಬದಲಾಯಿತಾ ಅಂತ ಕೇಳುತ್ತೆ. ಇಲ್ಲ ಅಂದರೆ ಮುಂದಿನ ಕೋಡ್ ಹಾಕುತ್ತೆ. ಅವಸರ ಮಾಡದೆ ಒಂದೊಂದಾಗಿ ನೋಡಿ. ಅಸೆಂಬಲ್ ಸೆಟ್‌ನ ಹೆಸರು ಪಟ್ಟಿಯಲ್ಲಿ ಸಿಗೋದು ಕಷ್ಟ. ಹೊರಗೆ ಹೆಸರು ಏನೇ ಇರಲಿ, ಅಂಥ ಟಿವಿಗಳ ಒಳಗಿನ ಬೋರ್ಡ್ ಎಷ್ಟೋ ಕಡೆ ಒಂದೇ ಇರುತ್ತೆ, ಹಾಗಾಗಿ ಬೇರೆ ಕಂಪನಿಯ ಕೋಡ್ ಹೊಂದುತ್ತೆ. ನಮ್ಮ ಕೊಥ್ರೂಡ್ ಮನೆಯ ಟಿವಿಗೂ ಬೇರೆ ಹೆಸರಿನ ಕೋಡೇ ಹೊಂದಿದ್ದು.

ಇಷ್ಟಾದರೂ ಕ್ಯಾಮೆರಾದಲ್ಲಿ ಚುಕ್ಕೆ ಬರಲಿಲ್ಲ ಅಂದರೆ ಆ ಡುಪ್ಲಿಕೇಟ್ ಸ್ಟಿಕ್‌ನಿಂದ ಕೋಡ್ ತಗೊಳ್ಳಲ್ಲ ಅಂತ ಲೆಕ್ಕ. ಆಗ ಬದಲಾಯಿಸಿಕೊಳ್ಳಿ, ಅಂಗಡಿಯಲ್ಲೇ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ. ಓದುವ ಬೇರೆಯವರಿಗೂ ಒಂದು ಮಾತು. 2020ರಲ್ಲಿ ಬಂದ ‘ಫೈರ್ ಟಿವಿ ಸ್ಟಿಕ್ ಲೈಟ್’ನ ರಿಮೋಟ್‌ನಲ್ಲಿ ಟಿವಿ ಪವರ್, ವಾಲ್ಯೂಮ್ ಗುಂಡಿಗಳೇ ಇಲ್ಲ. ಬದಲಿ ತರುವಾಗ ಗುಂಡಿ ಎಣಿಸಿ ತನ್ನಿ.

ಡೊಂಬಿವಲಿ_ಮಗ:
ಅಕ್ಕಾ, ಆಯಿತು! ರಾತ್ರಿ ಹನ್ನೊಂದರವರೆಗೂ ಕೂತಿದ್ದೆ. ಪಟ್ಟಿಯಲ್ಲಿ ನಾಲ್ಕನೇ ಹೆಸರು ಹಾಕಿದಾಗ ಪರದೆ ಮೇಲೆ ಹಸಿರು ಪಟ್ಟಿ ಏರಿತು. ನಿದ್ದೆಗಣ್ಣಲ್ಲೇ ಅಮ್ಮ ಎದ್ದು ಬಂದು ನೋಡಿದರು. ಈಗ ಕ್ಯಾಮೆರಾದಲ್ಲಿ ಚುಕ್ಕೆಯೂ ಕಾಣುತ್ತೆ. ಒಂದೇ ಒಂದು ತೊಂದರೆ ಉಳಿದಿದೆ. ಟಿವಿಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತರೆ ಮಾತ್ರ ವಾಲ್ಯೂಮ್ ಗುಂಡಿ ಕೆಲಸ ಮಾಡುತ್ತೆ, ಅಮ್ಮನ ಮಂಚದಿಂದ ಮಾಡಲ್ಲ. ಮಂಚದಿಂದ ಬಾಣದ ಗುಂಡಿ ಮಾತ್ರ ಸರಿಯಾಗಿ ನಡೀತಿದೆ.

ಮಾಟುಂಗಾ_ರಿಪೇರಿ:
ಸೆಲ್ ಯಾವುದು ಹಾಕಿದ್ದೀರಿ? ಇನ್‌ಫ್ರಾರೆಡ್ ಬಲ್ಬ್ ಮಿನುಗುವಾಗ ಒಂದೇ ಏಟಿಗೆ ಜಾಸ್ತಿ ಕರೆಂಟ್ ಎಳೆಯುತ್ತೆ, ಬ್ಲೂಟೂತ್‌ಗೆ ಸ್ವಲ್ಪ ಸಾಕು. ಅದಕ್ಕೇ ಸೆಲ್ ಸೊರಗಿದರೆ ಬಾಣ ನಡೆಯುತ್ತೆ, ವಾಲ್ಯೂಮ್ ನಡೆಯಲ್ಲ. ಚಾರ್ಜ್ ಮಾಡುವ ಸೆಲ್ ಆದರೆ ಒಂದೊಂದು 1.2 ವೋಲ್ಟ್, ಮಾಮೂಲಿಯದ್ದು 1.5. ಒಳ್ಳೆಯ ರಿಮೋಟ್ ಅಷ್ಟರಲ್ಲೂ ನಡೆಸಿಕೊಂಡು ಹೋಗುತ್ತೆ, ಡುಪ್ಲಿಕೇಟ್ ಸೋಲುತ್ತೆ. ಸೆಲ್ ಕೂರುವ ಸ್ಪ್ರಿಂಗ್ ಕೂಡ ನೋಡಿ. ನಮ್ಮ ಮುಂಬೈ ಮಳೆಗಾಲದ ಗಾಳಿಗೆ ಹಸಿರು ಕಿಲುಬು ಹಿಡಿಯುತ್ತೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತೆ. ಟಿವಿ ಕೆಳಗಿನ ಕೆಂಪು ದೀಪದ ಹತ್ತಿರ, ಆ ಕಣ್ಣಿಗೆ ಸ್ಟಿಕ್ಕರ್, ಸೌಂಡ್‌ಬಾರ್, ಕವರ್‌ನ ಲೇಸ್ ಏನಾದರೂ ಅಡ್ಡ ಬಂದಿದೆಯಾ ಅಂತಲೂ ನೋಡಿ.

ಠಾಣೆ_ಓದುಗ:
ಬರೀ ಪವರ್ ಆದರೆ ಇನ್ನೊಂದು ದಾರಿ ಇದೆ. ಸ್ಟಿಕ್ಕನ್ನು ಟಿವಿಗೆ ಸೇರಿಸುವ ಎಚ್‌ಡಿಎಂಐ ವೈರಿನಲ್ಲೇ ಟಿವಿ ಆನ್ ಆಗುತ್ತೆ, ಅದಕ್ಕೆ ಸಿಇಸಿ ಅಂತಾರೆ. ಟಿವಿ ಮೆನುವಿನಲ್ಲಿ ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಅಂತ ಬರೆಯುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಟಿವಿಯಲ್ಲೂ ಸ್ಟಿಕ್‌ನಲ್ಲೂ ಎರಡು ಕಡೆ ಆನ್ ಇರಬೇಕು. ಆಗ ಹೋಮ್ ಒತ್ತಿದರೆ ಟಿವಿ ಏಳುತ್ತೆ. ವಾಲ್ಯೂಮ್‌ಗೆ ಇದನ್ನು ನಂಬಿ ಕೂರಬೇಡಿ, ಎಲ್ಲಾ ಟಿವಿಯಲ್ಲೂ ನಡೆಯಲ್ಲ.

ಡೊಂಬಿವಲಿ_ಮಗ:
ಸರ್, ನೀವು ಹೇಳಿದ್ದೇ ನಿಜ. ನಾನು ಟಾರ್ಚ್‌ನಿಂದ ತೆಗೆದ ಚಾರ್ಜ್ ಸೆಲ್ ಹಾಕಿದ್ದೆ. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಮಾಮೂಲಿ ಸಣ್ಣ ಸೆಲ್ ಎರಡು ತಂದು ಹಾಕಿದೆ, ಮಂಚದ ಮೇಲೆ ಮಲಗಿಕೊಂಡು ಒತ್ತಿದರೂ ವಾಲ್ಯೂಮ್ ನಡೆಯುತ್ತೆ. ನಿಮಗೆ, ಅಕ್ಕನಿಗೆ, ಠಾಣೆಯವರಿಗೆ ತುಂಬಾ ಥ್ಯಾಂಕ್ಸ್. ಇವತ್ತು ಮನೆಗೆ ಬಂದಾಗ ಟಿವಿ ಓಡ್ತಿತ್ತು. ಕನ್ನಡಕ ಇಲ್ಲದಿದ್ದರೂ ಬೆರಳಿಗೆ ಸಿಗಲಿ ಅಂತ ಅಮ್ಮ ವಾಲ್ಯೂಮ್ ಪ್ಲಸ್ ಗುಂಡಿಯ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿದ್ದಾರೆ.