ಬಿ.ಫಾರ್ಮಾ ಸೀಟಿಗೆ ತಯಾರಿ: ಗುಂಪಿನಲ್ಲಿ ಕೇಳಿದ್ದು, ಬಲ್ಲವರು ಹೇಳಿದ್ದು

ಪ್ರಶ್ನೆ (ಪಿಯು ವಿದ್ಯಾರ್ಥಿನಿ, ಯಲಹಂಕ): ನಮಸ್ತೆ ಸರ್. ಸೆಕೆಂಡ್ ಪಿಯುಸಿ, ಪಿಸಿಎಂಬಿ. ಬೆಂಗಳೂರಲ್ಲೇ ಬಿ.ಫಾರ್ಮಾ ಮಾಡ್ಬೇಕು ಅಂತ ಇದೀನಿ. ಇದಕ್ಕೆ ನೀಟ್ ಬರೀಲೇಬೇಕಾ? ಕಾಮೆಡ್‌ಕೆ ಅರ್ಜಿನೂ ಹಾಕು ಅಂತ ಕೋಚಿಂಗ್‌ನಲ್ಲಿ ಹೇಳಿದ್ರು. ಸಿಇಟಿ ಒಂದೇ ಸಾಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ (ಫಾರ್ಮಸಿ ಕಾಲೇಜಿನ ಅಧ್ಯಾಪಕರು): ನೀಟ್ ಬೇಡಮ್ಮ. ಕಾಮೆಡ್‌ಕೆ ಇರೋದು ಎಂಜಿನಿಯರಿಂಗಿಗೆ, ಅದರ ದುಡ್ಡು ಉಳಿಸು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು ಸಿಗೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಮೂಲಕ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯದ್ದು ಅವರದೇ ಪ್ರವೇಶ ಪರೀಕ್ಷೆ, ಆ ದಾರಿಯೇ ಬೇರೆ.

ಅರ್ಹತೆ ದೊಡ್ಡ ಬೆಟ್ಟವೇನಲ್ಲ. ಫಿಸಿಕ್ಸ್, ಕೆಮಿಸ್ಟ್ರಿ ಜೊತೆಗೆ ಮ್ಯಾಥ್ಸ್ ಅಥವಾ ಬಯಾಲಜಿ ಸೇರಿಸಿ ಶೇ 45 (ಎಸ್‌ಸಿ, ಎಸ್‌ಟಿ ಮತ್ತು ಒಬಿಸಿ ಪ್ರವರ್ಗಗಳಿಗೆ ಶೇ 40) ಇದ್ದರೆ ಸಾಲಿನಲ್ಲಿ ನಿಂತ ಹಾಗೆ. ಸಾಲಿನಲ್ಲಿ ಎಷ್ಟನೆಯವಳು ಅನ್ನೋದನ್ನು ತೀರ್ಮಾನಿಸೋದು ರ‍್ಯಾಂಕ್. ಅರ್ಧ ಪಿಯುಸಿಯಿಂದ, ಅರ್ಧ ಸಿಇಟಿಯಿಂದ ಬರುತ್ತದೆ. ಇದನ್ನು ಲೆಕ್ಕ ಹಾಕಿ ನೋಡು. ಪಿಯುಸಿಯಲ್ಲಿ ಮೂರು ವಿಷಯ ಸೇರಿ 300ಕ್ಕೆ 258 ಬಂತು ಅಂದುಕೋ: ಶೇ 86, ಅದರ ಅರ್ಧ 43. ಸಿಇಟಿಯಲ್ಲಿ 180ಕ್ಕೆ 98: ಶೇ 54.44, ಅರ್ಧ 27.22. ಒಟ್ಟು 70.22. ಈಗ ಸಿಇಟಿಯಲ್ಲಿ ಒಂದೇ ಒಂದು ಪ್ರಶ್ನೆ ಹೆಚ್ಚು ಸರಿಯಾದರೆ ಸುಮಾರು 0.28 ಏರುತ್ತೆ, ಪಿಯುಸಿಯಲ್ಲಿ ಒಂದು ಅಂಕ ಹೆಚ್ಚಿದರೆ ಏರೋದು 0.17ರಷ್ಟೇ. ಬೋರ್ಡ್ ಪರೀಕ್ಷೆ ಮುಗಿದ ಕೂಡಲೇ ಪುಸ್ತಕ ಮಡಚಿಡುವವರು ಕಳೆದುಕೊಳ್ಳೋದು ಇಲ್ಲೇ. ಬೋರ್ಡ್ ಮುಗಿದ ಮೇಲಿನ ಆ ಕೆಲವು ವಾರಕ್ಕೂ ಬೆಲೆ ಇದೆ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು ಅಂತ ಸಮ ಭಾಗ ಮಾಡಬೇಡ. ಬಯಾಲಜಿ 45 ನಿಮಿಷಕ್ಕೆ ಮುಗಿಯುತ್ತೆ, ಫಿಸಿಕ್ಸ್‌ಗೆ 80 ಸಾಲದು. ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಒಂದು ವೃತ್ತವೂ ಖಾಲಿ ಇರಬಾರದು. ಪ್ರಶ್ನೆಪತ್ರಿಕೆಯ ವರ್ಷನ್ ಕೋಡನ್ನು ಮಾತ್ರ ಎರಡು ಸಲ ನೋಡು. ಅದು ತಪ್ಪಿದರೆ ನಿನ್ನ ಉತ್ತರಗಳನ್ನು ಬೇರೆ ಕೀ ಜೊತೆ ತಾಳೆ ನೋಡಿದ ಹಾಗಾಗುತ್ತೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಕೆಮಿಸ್ಟ್ರಿ ವೀಕ್ ಸರ್. ಅಣ್ಣನ ಹಳೇ ಗೈಡ್ ಇದೆ, ಅದನ್ನೇ ಮಾಡ್ಲಾ?

ಉತ್ತರ (ಅಧ್ಯಾಪಕರು): ಹಳೇ ಗೈಡ್ ಬೇಡ. ಎನ್‌ಸಿಇಆರ್‌ಟಿ ಪಠ್ಯ ಕಡಿತವಾದ ಮೇಲೆ ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಉಳಿದಿರೋದು ಹತ್ತೇ ಅಧ್ಯಾಯ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಎಲ್ಲ ಹೋಗಿವೆ. ಹಳೇ ಪುಸ್ತಕ ಹಿಡಿದು ಕೂತರೆ ಇಲ್ಲದ ಪಾಠಕ್ಕೆ ಎರಡು ವಾರ ಸುಟ್ಟ ಹಾಗೆ. ನೀನು ಪರೀಕ್ಷೆ ಬರೆಯೋ ವರ್ಷದ ಅಧಿಕೃತ ಸಿಲಬಸ್ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸು.

ಫಸ್ಟ್ ಪಿಯುಸಿ ಪಾಠಗಳಿಂದಲೂ ಪ್ರಶ್ನೆ ಬರುತ್ತವೆ, ಅದನ್ನೇ ಮಕ್ಕಳು ಬಿಡೋದು. ಮೋಲ್ ಲೆಕ್ಕ, ಈಕ್ವಿಲಿಬ್ರಿಯಂ, ಆರ್ಗ್ಯಾನಿಕ್‌ನ ಬೇಸಿಕ್ ಪಾಠ, ಈ ಮೂರನ್ನು ಮೊದಲು ಗಟ್ಟಿ ಮಾಡಿಕೋ. ಆಮೇಲೆ ಹ್ಯಾಲೋಆಲ್ಕೇನ್, ಆಲ್ಕೋಹಾಲ್–ಫೀನಾಲ್, ಆಲ್ಡಿಹೈಡ್–ಕೀಟೋನ್, ಅಮೀನ್ ಅನ್ನು ನಾಲ್ಕು ಪಾಠವಾಗಿ ಓದಬೇಡ. ಒಂದು ಎ3 ಹಾಳೆಯಲ್ಲಿ ಯಾವುದರಿಂದ ಯಾವುದು ಬರುತ್ತೆ, ಬಾಣದ ಮೇಲೆ ಯಾವ ರೀಏಜೆಂಟ್ ಅಂತ ಬರಿ. ಹೆಸರಿರುವ ರಿಯಾಕ್ಷನ್‌ಗಳು ಆ ಬಾಣಗಳ ಮೇಲೇ ಕೂರುತ್ತವೆ. ಆ ಹಾಳೆ ಸೀಟು ಸಿಕ್ಕಿದ ಮೇಲೂ ಬೇಕಾಗುತ್ತೆ.

ಪ್ರಶ್ನೆ (ತಾಯಿ, ವಿಜಯನಗರ): ಮಗ ಸಿಬಿಎಸ್‌ಇ ಓದಿರೋದು. ನಾವು 2ಎ. ದಾಖಲೆಗಳ ಪಟ್ಟಿ ನೋಡಿದ್ರೆ ತಲೆ ತಿರುಗುತ್ತೆ. ಯಾವುದನ್ನ ಈಗಲೇ ಮಾಡಿಸಿಡ್ಬೇಕು?

ಉತ್ತರ (ಪ್ರವೇಶ ಸಲಹೆ ಕೊಡುವವರು): ಮೇಡಂ, ಮೊದಲು ಜಾತಿ–ಆದಾಯ ಪತ್ರ. ನಾಡಕಚೇರಿಯಲ್ಲಿ ಅರ್ಜಿ ಹಾಕಿ. 2ಎ ಆದ್ದರಿಂದ ಫಾರಂ ‘ಎಫ್’. ಎಸ್‌ಸಿ, ಎಸ್‌ಟಿಗೆ ‘ಡಿ’, ಪ್ರವರ್ಗ–1ಕ್ಕೆ ‘ಇ’. ಪತ್ರ ಅಭ್ಯರ್ಥಿಯ ಹೆಸರಿನಲ್ಲೇ ಇರಬೇಕು. ಅಪ್ಪನ ಹೆಸರಿನ ಹಳೇ ಪತ್ರ ನಡೆಯೋಲ್ಲ. ಅದರ ಮೇಲಿನ ಆರ್‌ಡಿ ನಂಬರನ್ನೇ ಅರ್ಜಿಯಲ್ಲಿ ತುಂಬೋದು. ಎಡವಟ್ಟಾಗೋದು ಅಲ್ಲೇ: ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ‘ಕಿರಣ್ ಕುಮಾರ್ ಎಸ್’, ಆರ್‌ಡಿ ದಾಖಲೆಯಲ್ಲಿ ‘ಎಸ್ ಕಿರಣಕುಮಾರ’ ಅಂತಿದ್ದರೆ ತಾಳೆಯಾಗದೆ ಮೀಸಲಾತಿ ಕೈತಪ್ಪಿ ಜನರಲ್ ಮೆರಿಟ್‌ಗೆ ಬಿದ್ದುಬಿಡಬಹುದು. ಅರ್ಜಿ ಹಾಕುವಾಗಲೇ ಅಂಕಪಟ್ಟಿ ತೋರಿಸಿ, ಅಕ್ಷರ ಅಕ್ಷರ ಹಾಗೇ ಹಾಕಿಸಿ.

ಎರಡನೆಯದು ವ್ಯಾಸಂಗ ಪ್ರಮಾಣಪತ್ರ. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೆ ಪುರಾವೆ ಅದೇ. ಮಧ್ಯದಲ್ಲಿ ಶಾಲೆ ಬದಲಾಗಿದ್ದರೆ ಎರಡೂ ಶಾಲೆಯಿಂದ ಬೇಕು, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಮತ್ತು ಮೊಹರು. ಏಪ್ರಿಲ್–ಮೇನಲ್ಲಿ ಶಾಲೆಗಳಿಗೆ ರಜೆ. ಅದಕ್ಕೇ ಈಗಲೇ ಹೋಗಿ ಅನ್ನೋದು.

ಗ್ರಾಮೀಣ ಕೋಟಾ ಕೇಳುವವರಿಗೂ ಒಂದು ಮಾತು: 1ರಿಂದ 10ರವರೆಗೆ ಓದಿದ ಶಾಲೆ ಎಲ್ಲಿದೆ ಅನ್ನೋದು ಲೆಕ್ಕ, ಮನೆ ಎಲ್ಲಿದೆ ಅನ್ನೋದಲ್ಲ. ನಗರದ ಅಂಚಿನ ಎಷ್ಟೋ ಹಳ್ಳಿಗಳು 2007ರಲ್ಲೇ ಪಾಲಿಕೆ ವ್ಯಾಪ್ತಿಗೆ ಸೇರಿವೆ. ಊರಿನ ಹೆಸರಲ್ಲಿ ‘ಹಳ್ಳಿ’ ಇದೆ ಅಂತ ಟಿಕ್ ಹಾಕಬೇಡಿ.

ಸಿಬಿಎಸ್‌ಇ ಮಕ್ಕಳು ಹನ್ನೆರಡನೇ ತರಗತಿಯ ಅಂಕಗಳನ್ನು ಕೆಇಎ ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ರಾಜ್ಯ ಬೋರ್ಡ್‌ನವರ ಅಂಕ ಅದಾಗಿಯೇ ಬರುತ್ತೆ, ನಿಮ್ಮ ಮಗನದ್ದು ಬರೋಲ್ಲ. ತುಂಬದಿದ್ದರೆ ಸಿಇಟಿ ಅಂಕ ಇದ್ದೂ ರ‍್ಯಾಂಕ್ ಇರೋದಿಲ್ಲ.

ಪ್ರಶ್ನೆ (ತಂದೆ, ಪೀಣ್ಯ): ಮಗಳ ಆಪ್ಶನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನ ಕ್ರಮವಾಗಿ ತುಂಬೋದು) ಎಂಜಿನಿಯರಿಂಗ್ ಕಾಲೇಜು ಮೊದಲು ಹಾಕಿ, ಸೇಫ್ಟಿಗೆ ಅಂತ ಕೊನೆಯಲ್ಲಿ ಫಾರ್ಮಸಿ ಹಾಕೋಣ ಅಂತ. ಸರಿ ತಾನೆ?

ಉತ್ತರ (ಪ್ರವೇಶ ಸಲಹೆ ಕೊಡುವವರು): ಮಗಳಿಗೆ ನಿಜಕ್ಕೂ ಬೇಕಾಗಿರೋದು ಫಾರ್ಮಸಿಯಾದರೆ ಸರಿಯಲ್ಲ ಸರ್. ಕಂಪ್ಯೂಟರ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತೆ, ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಟ್ಟು ನಿಲ್ಲುತ್ತೆ. ಇಪ್ಪತ್ತು ಎಂಜಿನಿಯರಿಂಗ್ ಆಪ್ಶನ್ ಮೇಲಿದ್ದು ಹನ್ನೆರಡನೆಯದು ಸಿಕ್ಕಿದರೆ, ಇಪ್ಪತ್ತೊಂದನೆಯ ಫಾರ್ಮಸಿ ಕಾಲೇಜಿನ ತನಕ ಅದು ಬರೋದೇ ಇಲ್ಲ. ಬೇಕಾದ್ದು ಮೇಲೆ, ಸಿಕ್ಕಿದರೂ ಸೇರದ ಕಾಲೇಜು ಪಟ್ಟಿಯಲ್ಲೇ ಬೇಡ. ಬಿ.ಫಾರ್ಮಾ ಮತ್ತು ಫಾರ್ಮ್.ಡಿ (ಆರು ವರ್ಷದ ಫಾರ್ಮಸಿ ಕೋರ್ಸು) ಒಂದೇ ಕಾಲೇಜಿನದ್ದಾದರೂ ಬೇರೆ ಬೇರೆ ಆಪ್ಶನ್, ಎರಡನ್ನೂ ನೋಡಿ ಹಾಕಿ. ಅಣಕು ಹಂಚಿಕೆ ಬಂದಾಗ ಏನು ಸಿಕ್ಕಿದೆ ನೋಡಿ ಕ್ರಮ ಬದಲಾಯಿಸಬಹುದು; ಆ ಸೀಟು ನಿಜವಾದದ್ದಲ್ಲ, ಖುಷಿಪಟ್ಟು ಸಿಹಿ ಹಂಚಬೇಡಿ.

ನಿಜವಾದ ಹಂಚಿಕೆಯಲ್ಲಿ ನಾಲ್ಕು ಚಾಯ್ಸ್ ಕೊಡ್ತಾರೆ. ಒಂದು: ಇದೇ ಸಾಕು, ಶುಲ್ಕ ಕಟ್ಟಿ ಕಾಲೇಜಿಗೆ ಹೋಗ್ತೀನಿ. ಎರಡು: ಇದನ್ನು ಹಿಡಿದಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯ್ತೀನಿ. ಮೂರು: ಇದು ಬೇಡ, ಮುಂದಿನ ಸುತ್ತು ನೋಡ್ತೀನಿ. ನಾಲ್ಕು: ಆಟಕ್ಕೇ ಬರೋಲ್ಲ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತು. ಎರಡು ಒತ್ತಿದವರೂ ತಿಳಿದಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಶನ್ ಸಿಕ್ಕಿತೆಂದರೆ ಹಳೆಯದು ತಾನಾಗಿಯೇ ರದ್ದು. ಆದ್ದರಿಂದ ಮನಸ್ಸಿಲ್ಲದ ಮೇಲಿನ ಆಪ್ಶನ್‌ಗಳನ್ನು ಎರಡನೇ ಸುತ್ತಿಗೆ ಮುಂಚೆ ಅಳಿಸಿ.

ಈ ನಡುವೆ ‘ಸೀಟು ಬ್ಲಾಕ್ ಮಾಡಿಕೊಡ್ತೀವಿ, ಟೋಕನ್ ಅಡ್ವಾನ್ಸ್ ಹಾಕಿ’ ಅಂತ ಫೋನ್ ಬಂದೇ ಬರುತ್ತೆ. ಕೆಇಎ ಸೀಟಿಗೆ ದುಡ್ಡು ಕಟ್ಟೋದು ಕೆಇಎ ಹೇಳಿದ ರೀತಿಯಲ್ಲಿ ಮಾತ್ರ, ಫೋನ್ ಮಾಡಿದವರಿಗಲ್ಲ.

ಪ್ರಶ್ನೆ (ಪಿಯು ವಿದ್ಯಾರ್ಥಿ, ಆನೇಕಲ್): ಡಿ.ಫಾರ್ಮಾ, ಬಿ.ಫಾರ್ಮಾ, ಫಾರ್ಮ್.ಡಿ, ಯಾವುದು ಒಳ್ಳೇದು?

ಉತ್ತರ (ಆಸ್ಪತ್ರೆ ಫಾರ್ಮಸಿಸ್ಟ್): ಡಿ.ಫಾರ್ಮಾ ಎರಡು ವರ್ಷ, ಮೇಲೆ 500 ಗಂಟೆ ಪ್ರಾಯೋಗಿಕ ತರಬೇತಿ. ಮೆಡಿಕಲ್ ಸ್ಟೋರ್ ಇಡೋ ಯೋಚನೆಯಿದ್ದರೆ ಇದೇ ಸಾಕು. ಮುಂದೆ ಮನಸ್ಸಾದರೆ ಬಿ.ಫಾರ್ಮಾ ಮೂರನೇ ಸೆಮಿಸ್ಟರ್‌ಗೆ ಲ್ಯಾಟರಲ್ ಎಂಟ್ರಿ ಇದೆ. ಬಿ.ಫಾರ್ಮಾ ನಾಲ್ಕು ವರ್ಷ: ಫ್ಯಾಕ್ಟರಿ, ಕ್ವಾಲಿಟಿ ಕಂಟ್ರೋಲ್, ಡ್ರಗ್ ಇನ್‌ಸ್ಪೆಕ್ಟರ್ ಪರೀಕ್ಷೆ, ಜಿಪ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂ.ಫಾರ್ಮಾ. ಬೆಂಗಳೂರಿನ ಐಟಿ ಪಾರ್ಕ್‌ಗಳಲ್ಲಿ ಔಷಧಿಯ ಅಡ್ಡಪರಿಣಾಮದ ವರದಿ ನೋಡುವ ಫಾರ್ಮಕೋವಿಜಿಲೆನ್ಸ್ ಕೆಲಸಕ್ಕೂ ಇವರನ್ನೇ ತಗೋತಾರೆ. ಫಾರ್ಮ್.ಡಿ ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ವಾರ್ಡ್‌ನಲ್ಲಿ ವೈದ್ಯರ ಜೊತೆ ಸುತ್ತೋ ಕೆಲಸ. ಹೆಸರಿನ ಹಿಂದೆ ‘ಡಾ.’ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಆರು ವರ್ಷ ಕೊಡಬೇಡಿ. ಫಾರ್ಮ್.ಡಿ ಆರಿಸುವವರು ಕಾಲೇಜಿನ ಕಟ್ಟಡಕ್ಕಿಂತ ಮೊದಲು ಅದಕ್ಕೆ ಜೋಡಿಸಿದ ಆಸ್ಪತ್ರೆ ನೋಡಿ. ಕನಿಷ್ಠ 300 ಹಾಸಿಗೆ ಇರಬೇಕು ಅನ್ನೋದು ನಿಯಮ.

ಪ್ರಶ್ನೆ (ತಾಯಿ, ವಿಜಯನಗರ): ಕಾಲೇಜು ನೋಡೋಕೆ ಹೋದಾಗ ಏನು ಕೇಳ್ಬೇಕು?

ಉತ್ತರ (ಅಧ್ಯಾಪಕರು): ಹೋಗುವ ಮುಂಚೆಯೇ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ವೆಬ್‌ಸೈಟಿನಲ್ಲಿ ಆ ಕಾಲೇಜು, ಆ ಕೋರ್ಸು, ಈ ವರ್ಷ ಇದೆಯೇ ನೋಡಿ. ಡಿ.ಫಾರ್ಮಾಕ್ಕೆ ಅನುಮೋದನೆ ಇದ್ದು ಬಿ.ಫಾರ್ಮಾಕ್ಕೆ ಇಲ್ಲದಿರಬಹುದು. 1948ರ ಫಾರ್ಮಸಿ ಕಾಯ್ದೆಯ 12ನೇ ಸೆಕ್ಷನ್ ಅನುಮೋದನೆ ಇಲ್ಲದ ಕೋರ್ಸು ಮುಗಿಸಿದರೆ ಪದವಿ ಇದ್ದೂ ಫಾರ್ಮಸಿಸ್ಟ್ ಅಂತ ನೋಂದಣಿ ಆಗೋಲ್ಲ.

ಒಳಗೆ ಹೋದ ಮೇಲೆ ಎಸಿ ಸೆಮಿನಾರ್ ಹಾಲ್ ತೋರಿಸ್ತಾರೆ, ನೋಡಿ ಮುಂದೆ ನಡೀರಿ. ಮಷೀನ್ ರೂಮ್ ಕೇಳಿ. ಮಾತ್ರೆ ಒತ್ತುವ ಯಂತ್ರದ ಡೈ ಒಳಗೆ ಪುಡಿಯ ಕಲೆ ಇದ್ದರೆ ಮಕ್ಕಳು ಬಳಸ್ತಿದ್ದಾರೆ ಅಂತ. ಹೊಸದಾಗಿ ಫಳಫಳ ಹೊಳೀತಿದ್ದರೆ ತಪಾಸಣೆಯವರಿಗೆ ಮಾತ್ರ ತೋರಿಸೋದು ಅಂತ ಅನುಮಾನ ಪಡಿ. ಎಚ್‌ಪಿಎಲ್‌ಸಿ (ಔಷಧದಲ್ಲಿರೋ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಪಕ್ಕದ ಲಾಗ್ ಬುಕ್ ತೆಗೆದು ಕೊನೆಯ ತಾರೀಖು ನೋಡಿ. ಪ್ರಾಕ್ಟಿಕಲ್ ಬ್ಯಾಚಿನಲ್ಲಿ 20ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಾರಣ ಕೇಳಿ.

ಪ್ರಶ್ನೆ (ಪಿಯು ವಿದ್ಯಾರ್ಥಿ, ರಾಜಾಜಿನಗರ): ನಂದು ಪಿಸಿಎಂಸಿ, ಬಯಾಲಜಿನೇ ಇಲ್ಲ. ಸೇರಿದ ಮೇಲೆ ಕಷ್ಟ ಆಗುತ್ತಾ? ರಜೆಯಲ್ಲಿ ಏನಾದ್ರೂ ಓದ್ಲಾ?

ಉತ್ತರ (ಅಧ್ಯಾಪಕರು): ನಿಮ್ಮಂಥವರಿಗೇ ಮೊದಲ ಸೆಮಿಸ್ಟರ್‌ನಲ್ಲಿ ರೆಮಿಡಿಯಲ್ ಬಯಾಲಜಿ ಇದೆ, ಬಯಾಲಜಿ ಓದಿ ಮ್ಯಾಥ್ಸ್ ಬಿಟ್ಟವರಿಗೆ ರೆಮಿಡಿಯಲ್ ಮ್ಯಾಥ್ಸ್. ಅದು ಭಾರವಲ್ಲ. ಹ್ಯೂಮನ್ ಅನಾಟಮಿ ಮಾತ್ರ ಮೊದಲ ದಿನದಿಂದಲೇ ಓಡುತ್ತೆ, ಜೀವಕೋಶ, ಅಂಗಾಂಶದ ಪಾಠವನ್ನು ಎನ್‌ಸಿಇಆರ್‌ಟಿಯಲ್ಲಿ ಒಮ್ಮೆ ಓದಿಕೊಂಡು ಬನ್ನಿ. ಹಾಜರಿ ಶೇ 80 ಬೇಕು, 75 ಅಲ್ಲ.

ಮೊದಲ ಇಂಟರ್ನಲ್ಸ್‌ನಲ್ಲಿ ಮಕ್ಕಳು ಸೋಲೋದು ಬಯಾಲಜಿಯಿಂದಲ್ಲ, ಸಣ್ಣ ಲೆಕ್ಕದಿಂದ. ರಜೆಯಲ್ಲಿ ಎರಡು ಲೆಕ್ಕ ಕಲಿತು ಬನ್ನಿ. ಒಂದು ಅಲಿಗೇಶನ್, ಅಂದರೆ ಬೇರೆ ಬೇರೆ ಶೇಕಡಾದ ಎರಡು ದ್ರಾವಣ ಬೆರೆಸೋ ಲೆಕ್ಕ. ಶೇ 90 ಮತ್ತು ಶೇ 60ರ ಆಲ್ಕೋಹಾಲ್ ಬೆರೆಸಿ ಶೇ 70ರದ್ದು 600 ಮಿ.ಲೀ. ಬೇಕು. ಅಡ್ಡ ಕಳೆಯಿರಿ: 70ರಲ್ಲಿ 60 ಕಳೆದರೆ 10, ಇದು 90ರದ್ದರ ಭಾಗ, 90ರಲ್ಲಿ 70 ಕಳೆದರೆ 20, ಇದು 60ರದ್ದರ ಭಾಗ. ಅನುಪಾತ 1:2, ಅಂದರೆ 200 ಮಿ.ಲೀ. ಮತ್ತು 400 ಮಿ.ಲೀ. ಭಾಗಗಳನ್ನು ಅದಲು ಬದಲು ಬರೆಯೋದೇ ಎಲ್ಲರೂ ಮಾಡೋ ತಪ್ಪು. ಉತ್ತರ ಬಂದ ಮೇಲೆ ತಿರುಗಿಸಿ ನೋಡಿ: 180 ಮತ್ತು 240 ಸೇರಿ 420, ಅದು 600ರ ಶೇ 70.

ಇನ್ನೊಂದು ನಾರ್ಮಾಲಿಟಿ (ಎನ್), ಅಂದರೆ ದ್ರಾವಣ ಎಷ್ಟು ಪ್ರಬಲ ಅನ್ನೋದರ ಅಳತೆ. 0.1 ಎನ್ ಸೋಡಿಯಂ ಹೈಡ್ರಾಕ್ಸೈಡ್ ಲೀಟರಿಗೆ 4 ಗ್ರಾಂ, 250 ಮಿ.ಲೀ.ಗೆ 1 ಗ್ರಾಂ. ಸಲ್ಫ್ಯೂರಿಕ್ ಆಸಿಡ್ ಬಂದಾಗ 0.1 ಮೋಲಾರ್ ಅಂದರೆ 0.2 ನಾರ್ಮಲ್, ಅಲ್ಲಿ ಅರ್ಧ ಕ್ಲಾಸು ಜಾರುತ್ತೆ.

ಪ್ರಶ್ನೆ (ಅದೇ ವಿದ್ಯಾರ್ಥಿ): 1 ಗ್ರಾಂ ಸರಿಯಾಗಿ ತೂಗಿ ಹಾಕಿದ್ರೆ 0.1 ಎನ್ ಆಗೇ ಆಯ್ತಲ್ಲ ಸರ್? ಮತ್ತೆ ಯಾಕೆ ಸ್ಟ್ಯಾಂಡರ್ಡೈಸ್ ಮಾಡ್ತಾರೆ?

ಉತ್ತರ (ಅಧ್ಯಾಪಕರು): ಆಗೋಲ್ಲ. ಆ ಸೋಡಿಯಂ ಹೈಡ್ರಾಕ್ಸೈಡ್ ಪೆಲೆಟ್ (ಗುಳಿಗೆ) ಅನ್ನು ವಾಚ್ ಗ್ಲಾಸ್ ಮೇಲೆ ಇಟ್ಟು ನೋಡ್ತಾ ಇರಿ, ನಿಮ್ಮ ಕಣ್ಣೆದುರೇ ಒದ್ದೆಯಾಗಿ ಹೊಳೆಯೋಕೆ ಶುರುವಾಗುತ್ತೆ. ಗಾಳಿಯ ತೇವ ಹೀರುತ್ತೆ, ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತೆ. ನೀವು ತೂಗಿದ ಒಂದು ಗ್ರಾಂನಲ್ಲಿ ನೀರೂ ಇದೆ. ಅದಕ್ಕೇ ಒಣಗಿಸಿ ಕರಾರುವಾಕ್ಕಾಗಿ ತೂಗಬಹುದಾದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಎದುರು ಟೈಟ್ರೇಟ್ ಮಾಡಿ ನಿಜವಾದ ನಾರ್ಮಾಲಿಟಿ ಕಂಡುಹಿಡಿಯೋದು. ಫಿನಾಲ್ಫ್ತಲೀನ್ ಹಾಕಿದ ಮೇಲೆ ತೆಳು ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಎಂಡ್ ಪಾಯಿಂಟ್. ರೋಸ್ ಮಿಲ್ಕ್ ಬಣ್ಣ ಬಂದರೆ ದಾಟಿದಿರಿ ಅಂತ, ಇನ್ನೊಂದು ಫ್ಲಾಸ್ಕ್ ತಗೊಳ್ಳಿ.