ಬಾಯೊಳಗಿನ ಖಾಲಿ ಸೈಟು

ಸೀನು ಬಂದವನೇ ಹಲ್ಲು ಕಿರಿದ. ಟ್ಯೂಬ್‌ಲೈಟ್ ಹತ್ತಿದ ಹಾಗಾಯ್ತು.

"ಸ್ಮೈಲ್ ಡಿಸೈನಿಂಗ್ ಕಣೋ! ಮಗಳ ಮದುವೆ ಫೋಟೋಗೆ."

ನಾಣಿ ಕೋಡುಬಳೆ ತಟ್ಟೆ ಮುಂದೆ ತಳ್ಳಿದ. ಸೀನು ಒಂದು ಚೂರು ಮುರಿದು ಎಡದವಡೆಗೆ ಸಾಗಿಸಿ, ಕತ್ತು ವಾಲಿಸಿಕೊಂಡು ಅಗಿಯತೊಡಗಿದ.

"ಬಲಗಡೆ ಏನಾಯ್ತೋ?" ಎಂದೆ.

"ಕೆಳಗಿನ ದವಡೆಹಲ್ಲು ಕೀಳಿಸಿ ನಾಲ್ಕು ವರ್ಷ ಆಯ್ತು. 32ರಲ್ಲಿ ಒಂದು ತಾನೆ! ಯಾರಿಗೆ ಕಾಣುತ್ತೆ ಬಿಡು."

"ಈಗಿನ ಫ್ಯಾಷನ್ನೇ ಇದು. ನಗೋ ಹಲ್ಲಿಗೆ ಸುಣ್ಣ ಬಣ್ಣ, ಉಣ್ಣೋ ಹಲ್ಲಿನ ಜಾಗ ಖಾಲಿ ಸೈಟು. ಊರಾಚೆ ನಿನ್ನ ಸೈಟು ಏನಾಯ್ತು, ನೆನಪಿದೆಯಾ?" ಎಂದೆ.

ಸೀನುವಿನ ಟ್ಯೂಬ್‌ಲೈಟ್ ಆರಿತು. ಬೇಲಿ ಹಾಕದೆ ಬಿಟ್ಟಿದ್ದ ಆ ಸೈಟಿಗೆ ಪಕ್ಕದವರು ಎರಡಡಿ ನುಗ್ಗಿದ್ದರು.

"ಬಾಯಲ್ಲೂ ಅಷ್ಟೇ. ಜಾಗ ಖಾಲಿ ಕಂಡರೆ ಪಕ್ಕದ ಹಲ್ಲು ಮೆಲ್ಲಗೆ ವಾಲುತ್ತೆ. ಮೇಲಿನ ಹಲ್ಲಿಗೆ ಎದುರು ಯಾರೂ ಇಲ್ಲ, ಅದು ಬಾಲ್ಕನಿ ಇಳಿಸುತ್ತೆ."

"ಕಸ?" ನಾಣಿ ಕೇಳಿದ.

"ಖಾಲಿ ಸೈಟಿಗೆ ಕಸ ಬೀಳದೆ ಇರುತ್ತಾ? ವಾಲಿದ ಹಲ್ಲಿನ ಸಂದಿಯಲ್ಲಿ ನಿನ್ನೆಯ ಪಲ್ಯ. ಆಮೇಲೆ ವಸಡು ಊದುತ್ತೆ, ಪಕ್ಕದ್ದಕ್ಕೂ ಹುಳುಕು."

"ನೆಲವಾದರೂ ನಂದೇ ಅಲ್ವಾ?" ಎಂದ ಸೀನು.

"ಕುಸಿಯೋದೇ ಅದು ಮಾರಾಯ! ಅಗಿದ ಒತ್ತಡ ಬೇರಿನಿಂದ ಮುಟ್ಟುತ್ತಿದ್ದರೇ ಮೂಳೆ ಗಟ್ಟಿ. ಬೇರು ಹೋದರೆ ಮೂಳೆ ಕರಗುತ್ತೆ, ಮೊದಲ ವರ್ಷವೇ ಜಾಸ್ತಿ. ಆಮೇಲೆ ಇಂಪ್ಲಾಂಟ್, ಅಂದರೆ ಮೂಳೆಗೆ ತಿರುಪು ಹಾಕಿ ಕೂರಿಸೋ ಹಲ್ಲು ಅಂತ ಹೋದರೆ, ಮೊದಲು ಮೂಳೆ ಅನ್ನೋ ಮಣ್ಣು ತುಂಬಿಸಬೇಕು ಅಂದರೂ ಅಂದಾರು. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಟೈಟಾನಿಯಂ ತಿರುಪು ಕೂರಿಸಿದ್ದು ಮೂಳೆಗೆ, ಗಾಳಿಗಲ್ಲ."

"ಸುಮ್ನೆ ಹೆದರಿಸಬೇಡ. ನಮ್ಮಜ್ಜಿ ಬೊಚ್ಚುಬಾಯಲ್ಲೇ 90 ದಾಟಿದಳು," ಎಂದು ನಾಣಿ ರೇಗಿದ.

"ನಮ್ಮಜ್ಜಿಗೂ ಹಲ್ಲಿರಲಿಲ್ಲ. ಕೋಡುಬಳೆ ಕೊಟ್ಟರೆ ನಂಗೆ ಸೇರಲ್ಲ, ನೀವು ತಿನ್ನಿ ಅಂತಿದ್ದಳು. ರಾತ್ರಿ ದೀಪ ಆರಿದ ಮೇಲೆ ಕುಟ್ಟಾಣಿ ಸದ್ದು. ಎಲೆಅಡಿಕೆ ಅಂದುಕೊಂಡು ಮಲಗುತ್ತಿದ್ದೆವು. ಒಂದು ಬೆಳಿಗ್ಗೆ ತೊಳೆಯೋಕೆ ತೆಗೆದರೆ ತಳದಲ್ಲಿ ಕೋಡುಬಳೆ ಪುಡಿ."

ನಾಣಿ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಸೀನುವಿನ ಬಲಗೆನ್ನೆಯೊಳಗೆ ನಾಲಗೆ ಓಡಾಡುತ್ತಿತ್ತು. ಸೈಟು ಅಳೆಯುತ್ತಿದ್ದನೋ ಏನೋ.